ಇಂಟರ್‌ನೆಟ್ ಅನುದಾನಕ್ಕೆ ಅರ್ಜಿ: ಮೊದಲು ಲೆಕ್ಕದ ಹಾಳೆ, ಆಮೇಲೆ ವಿವರಣೆ

ಹಳ್ಳಿಗೆ ವೈರ್‌ಲೆಸ್ ಸಂಪರ್ಕ, ಪ್ರವಾಹ ಎಚ್ಚರಿಸುವ ಸೆನ್ಸರ್, ಸ್ಥಳೀಯ ಭಾಷೆಯ ಧ್ವನಿಸೇವೆ. ಏಷ್ಯಾದ ಬಡ ದೇಶಗಳಲ್ಲಿ ಇಂಥ ಕೆಲಸಕ್ಕೆ ಸಣ್ಣ ಮೊತ್ತದ ಅನುದಾನ ಕೊಡುವ ನಿಧಿಗಳಿವೆ. ಅವುಗಳಲ್ಲಿ ಹೆಸರಾದದ್ದು 2008ರಲ್ಲಿ ಶುರುವಾದ ಐಎಸ್‌ಐಎಫ್ ಏಷ್ಯಾ. ಏಷ್ಯಾ–ಪೆಸಿಫಿಕ್ ಭಾಗದ 56 ದೇಶ, ಪ್ರದೇಶಗಳಿಗೆ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಉಪಕರಣಗಳನ್ನು ಗುರುತಿಸುವ ಸಂಖ್ಯೆ) ಹಂಚುವ ಎಪಿನಿಕ್ ಸಂಸ್ಥೆಯ ಪ್ರತಿಷ್ಠಾನ ಈಗ ಅದನ್ನು ನಡೆಸುತ್ತದೆ.

ಒಳ್ಳೆಯ ಯೋಚನೆ ಇದ್ದೂ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಲೆಕ್ಕದಲ್ಲಿ. ಹದಿನೈದು ದಿನ ಕೂತು ವಿವರಣೆ ಬರೆಯುತ್ತಾರೆ, ಕೊನೆಯ ರಾತ್ರಿ ಬಜೆಟ್ ತುಂಬುತ್ತಾರೆ. ಇದನ್ನು ತಿರುವುಮುರುವು ಮಾಡಿ.

1. ಹಣ ಪಡೆಯುವ ಅರ್ಹತೆ ನೋಡಿಕೊಳ್ಳಿ

ಭಾರತದ ಸೇವಾಸಂಸ್ಥೆ ವಿದೇಶದ ಅನುದಾನ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮೂಲ ಚಟುವಟಿಕೆಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಬಾಂಗ್ಲಾದೇಶದಲ್ಲಿ ಎನ್‌ಜಿಒ ವ್ಯವಹಾರಗಳ ಬ್ಯೂರೊ, ನೇಪಾಳದಲ್ಲಿ ಸಮಾಜ ಕಲ್ಯಾಣ ಪರಿಷತ್ತು ಒಪ್ಪಬೇಕು.

ಹಲವರು ಎಡವುವುದು ಇಲ್ಲಿ: ಎರಡು ಸಂಸ್ಥೆ ಸೇರಿ ಅರ್ಜಿ ಹಾಕಿ, ಬಂದ ಹಣ ಹಂಚಿಕೊಳ್ಳೋಣ ಎಂದುಕೊಳ್ಳುತ್ತಾರೆ. 2020ರ ತಿದ್ದುಪಡಿಯ ನಂತರ ಭಾರತದಲ್ಲಿ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಅದೂ ನೋಂದಾಯಿತವಾಗಿದ್ದರೂ ಸರಿ. ಆಡಳಿತ ವೆಚ್ಚಕ್ಕೂ ಶೇ 20ರ ಮಿತಿ ಇದೆ.

2. ಸಮಸ್ಯೆಯನ್ನು ಮೂರು ವಾಕ್ಯದಲ್ಲಿ ಹೇಳಿ

ಯಾರಿಗೆ, ಏನು ತೊಂದರೆ, ಸಂಪರ್ಕ ಬಂದರೆ ಏನು ಬದಲಾಗುತ್ತದೆ. ಅಷ್ಟು ಸಾಕು. ನೇಪಾಳದ ನಾಂಗಿ ಹಳ್ಳಿಯ ಮಹಾವೀರ್ ಪುನ್ ಅವರಿಗೆ 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದ ಬೆಟ್ಟದೂರುಗಳ ವೈರ್‌ಲೆಸ್ ಜಾಲವನ್ನು ನೋಡಿ. ಶಾಲೆಗೆ ದೂರಪಾಠ, ರೋಗಿಗೆ ಪೋಖರಾದ ವೈದ್ಯರ ಸಲಹೆ ಎಂದು ಅದರ ಉಪಯೋಗವನ್ನು ಬೆರಳು ಮಡಚಿ ಎಣಿಸಬಹುದಿತ್ತು. ‘ಡಿಜಿಟಲ್ ಸಬಲೀಕರಣ’ ಎಂಬ ಪದ ಬರೆಯಲೇಬೇಡಿ, ಅದು ಯಾರ ಕಣ್ಣಿಗೂ ಏನನ್ನೂ ಕಾಣಿಸುವುದಿಲ್ಲ.

3. ಜಾಗಕ್ಕೆ ಹೋಗಿ ಅಳತೆ ಮಾಡಿ

ನಕ್ಷೆ ನಂಬಿ ಕೂರಬೇಡಿ. ಎರಡು ಗೋಪುರ ಒಂದಕ್ಕೊಂದು ಕಂಡರೆ ಸಾಲದು, ನಡುವಿನ ಗಾಳಿಯೂ ಖಾಲಿ ಇರಬೇಕು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಸಂಪರ್ಕಕ್ಕೆ ಮಧ್ಯಭಾಗದಲ್ಲಿ ಅಡ್ಡಿಗಳ ತುದಿಯಿಂದ ಸುಮಾರು 7 ಮೀಟರ್ ಅಂತರ ಬೇಕು, ಭೂಮಿಯ ಬಾಗುವಿಕೆಗೆ ಇನ್ನೂ ಒಂದೂವರೆ ಮೀಟರ್ ಸೇರಿಸಿ. ಬೇಸಿಗೆಯಲ್ಲಿ ಎಲೆ ಉದುರಿದ ಕಾಡಿನಲ್ಲಿ ಅಳೆದವರ ಸಂಪರ್ಕ ಮಳೆಗಾಲದಲ್ಲಿ ಚಿಗುರು ಬಂದಾಗ ಕಡಿದುಹೋಗುತ್ತದೆ.

ಭಾರತದಲ್ಲಿ 5 ಗಿಗಾಹರ್ಟ್ಸ್ ವಲಯದ ತರಂಗಗಳಿಗೆ 2018ರಿಂದ ಪರವಾನಗಿ ಬೇಡ, ಆದರೆ ಶಕ್ತಿಮಿತಿ ಇದೆ. ಹೊರದೇಶದ ರೇಡಿಯೊಗೆ, ಅಂದರೆ ಈ ತರಂಗ ಕಳಿಸಿ ಪಡೆಯುವ ಉಪಕರಣಕ್ಕೆ, ದೂರಸಂಪರ್ಕ ಇಲಾಖೆಯಲ್ಲಿ ತರಂಗಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ (ಉಪಕರಣ ಮಾದರಿಯ ಒಪ್ಪಿಗೆ) ಪ್ರಮಾಣಪತ್ರ ಬೇಕು. ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದು ಊರಿಗೆಲ್ಲ ಮಾರುವ ಅಡ್ಡದಾರಿ ಹಿಡಿಯಬೇಡಿ. ಅದಕ್ಕೆ ಐಎಸ್‌ಪಿ (ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯ) ಪರವಾನಗಿ ಬೇಕು. ಕೇಂದ್ರ ಸರ್ಕಾರದ ಪಿಎಂ-ವಾಣಿ ಸಾರ್ವಜನಿಕ ವೈಫೈ ಯೋಜನೆಯಲ್ಲಿ ಸಾರ್ವಜನಿಕ ಡೇಟಾ ಕಚೇರಿ (ಜನರಿಗೆ ವೈಫೈ ಕೊಡುವ ಕೇಂದ್ರ) ತೆರೆಯಲು ಪರವಾನಗಿ ಬೇಡ, ಸಣ್ಣ ಊರಿಗೆ ಅದೇ ಸರಿ.

4. ಬಜೆಟ್

ಇಲ್ಲಿ ಅವಸರ ಮಾಡಬೇಡಿ. ‘ಸೌರ ವ್ಯವಸ್ಥೆ: ಇಷ್ಟು ಡಾಲರ್’ ಎಂದು ಒಂದೇ ಸಾಲು ಬರೆದರೆ ಪರಿಶೀಲಿಸುವವರು ಅಲ್ಲೇ ನಿಲ್ಲುತ್ತಾರೆ. ಬೆಟ್ಟದ ಮೇಲಿನ ಒಂದು ರಿಲೇ ಕೇಂದ್ರದ (ಒಂದು ಕಡೆಯ ಸಂಕೇತವನ್ನು ಪಡೆದು ಮುಂದಕ್ಕೆ ದಾಟಿಸುವ ಜಾಗ) ಲೆಕ್ಕ ಹೀಗಿರಬೇಕು:

ಎರಡು ರೇಡಿಯೊ, ಒಂದು ರೂಟರ್ ಸೇರಿ 20 ವಾಟ್. 24 ಗಂಟೆಗೆ 480 ವಾಟ್-ಅವರ್. ಬಿಸಿಲಿಲ್ಲದ ಮೂರು ದಿನಕ್ಕೆ 1,440 ವಾಟ್-ಅವರ್. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬೇಗ ಸಾಯುತ್ತದೆ, ಹಾಗಾಗಿ ಸಾಮರ್ಥ್ಯ 2,880 ವಾಟ್-ಅವರ್ ಬೇಕು. ಅಂದರೆ 12 ವೋಲ್ಟ್, 120 ಆಂಪಿಯರ್-ಅವರ್‌ನ ಎರಡು ಬ್ಯಾಟರಿ.

ಇನ್ನು ಪ್ಯಾನೆಲ್. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಬಿಸಿಲು, ಶೇ 30 ನಷ್ಟ ಎಂದುಕೊಂಡರೆ ನಿತ್ಯದ ಖರ್ಚಿಗೆ 171 ವಾಟ್ ಸಾಲುತ್ತದೆ. ಹೆಚ್ಚಿನವರು ಇಲ್ಲಿಗೇ ಬಿಟ್ಟು, 180 ವಾಟ್ ಪ್ಯಾನೆಲ್ ಬರೆಯುತ್ತಾರೆ. ಮೋಡದ ಮೂರು ದಿನ ಕಳೆದ ಮೇಲೆ ಖಾಲಿಯಾದ ಬ್ಯಾಟರಿಯನ್ನು ತುಂಬುವುದು ಯಾವುದು? 300 ವಾಟ್ ಹಾಕಿದರೆ ದಿನಕ್ಕೆ 840 ವಾಟ್-ಅವರ್ ಬರುತ್ತದೆ, ಖರ್ಚು ಕಳೆದು 360 ಉಳಿಯುತ್ತದೆ, ನಾಲ್ಕು ದಿನದಲ್ಲಿ ಬ್ಯಾಟರಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಈ ನಾಲ್ಕು ಸಾಲಿನ ಲೆಕ್ಕವನ್ನು ಬಜೆಟ್ ಪಕ್ಕದಲ್ಲೇ ಟಿಪ್ಪಣಿಯಾಗಿ ಹಾಕಿ.

ಅಗ್ಗ ಎಂದು ಕಾರಿನ ಬ್ಯಾಟರಿ ಸೇರಿಸಲೇಬೇಡಿ. ಅದು ಕ್ಷಣಮಾತ್ರ ಜೋರು ಕರೆಂಟು ಕೊಡಲು ಮಾಡಿದ್ದು, ದಿನಾ ಆಳಕ್ಕೆ ಖಾಲಿಯಾದರೆ ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಕೂಡ ಬೇಡ, ಉದ್ದ ಹೆಚ್ಚಿದಂತೆ ವೋಲ್ಟೇಜ್ ಕುಸಿದು ರೇಡಿಯೊ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಶುದ್ಧ ತಾಮ್ರದ, ಬಿಸಿಲು ತಡೆಯುವ ಹೊರಾಂಗಣ ಕೇಬಲ್ ಎಂದೇ ಬರೆಯಿರಿ.

ಜನ ಮರೆಯುವ ಬಾಬ್ತುಗಳು ಬೇರೆ ಇವೆ: ಆಮದು ಸುಂಕ, ಜಿಎಸ್‌ಟಿ, ಬೆಟ್ಟಕ್ಕೆ ಸಾಮಾನು ಹೊರುವ ಕೂಲಿ, ಸಿಡಿಲು ತಡೆ ಮತ್ತು ಅರ್ತಿಂಗ್ (ನೆಲಕ್ಕೆ ತಂತಿ ಇಳಿಸುವುದು), ಬ್ಯಾಂಕ್ ಶುಲ್ಕ, ಪ್ರತಿ ಮಾದರಿಯ ರೇಡಿಯೊಗೂ ಒಂದು ಹೆಚ್ಚುವರಿ. ಅನುದಾನ ಡಾಲರ್‌ನಲ್ಲಿ, ಖರ್ಚು ರೂಪಾಯಿಯಲ್ಲಿ. ವಿನಿಮಯ ದರ, ತಾರೀಖು ಎರಡನ್ನೂ ಹಾಳೆಯಲ್ಲೇ ನಮೂದಿಸಿ. ಹಣ ಕಂತಿನಲ್ಲಿ ಬರುವುದಾದರೆ, ಎರಡನೇ ಕಂತು ತಡವಾದರೂ ನಿಲ್ಲದ ಹಾಗೆ ದೊಡ್ಡ ಖರೀದಿಗಳನ್ನು ಮೊದಲ ಕಂತಿಗೆ ಹೊಂದಿಸಿ.

ಅನುದಾನ ಮುಗಿದ ಮೇಲೆ ತಿಂಗಳ ಬ್ಯಾಂಡ್‌ವಿಡ್ತ್ ಬಿಲ್ ಯಾರದು? ಇದಕ್ಕೆ ‘ಸಮುದಾಯ ಭರಿಸಲಿದೆ’ ಎನ್ನುವುದು ಉತ್ತರವಲ್ಲ. ಎಷ್ಟು ಮನೆ, ತಿಂಗಳಿಗೆ ಎಷ್ಟು, ವಸೂಲಿ ಯಾರ ಕೈಯಲ್ಲಿ, ಬ್ಯಾಟರಿ ಬದಲಿಗೆ ತಿಂಗಳಿಗೆ ಎಷ್ಟು ಎತ್ತಿಡುತ್ತೀರಿ ಎಂದು ಅಂಕಿಯಲ್ಲಿ ಬರೆಯಿರಿ.

5. ವಿವರಣೆ ಬರೆಯಿರಿ

ಲೆಕ್ಕ ಸಿದ್ಧವಿದ್ದರೆ ಇದು ಎರಡು ದಿನದ ಕೆಲಸ. ಬಜೆಟ್‌ನ ಪ್ರತಿ ಸಾಲಿಗೂ ವಿವರಣೆಯಲ್ಲಿ ಒಂದು ಚಟುವಟಿಕೆ ಇರಲಿ. ಶೇಕಡಾವಾರು ಕಮಿಷನ್‌ಗೆ ಅರ್ಜಿ ಬರೆದುಕೊಡುವವರ ಹತ್ತಿರ ಹೋಗಬೇಡಿ. ಒಂದೇ ಅಚ್ಚಿನ ವಾಕ್ಯಗಳನ್ನು ಹತ್ತು ಸಂಸ್ಥೆಗೆ ಕೊಟ್ಟಿರುತ್ತಾರೆ.

6. ಸಲ್ಲಿಸಿ

ಗಡುವು ಬೇರೆ ದೇಶದ ಸಮಯದಲ್ಲಿರಬಹುದು, ನೋಡಿಕೊಳ್ಳಿ. ಎರಡು ದಿನ ಮೊದಲೇ ಕಳಿಸಿ.

ಹಣ ಬಂದ ದಿನದಿಂದಲೇ ಪ್ರತಿ ಬಿಲ್‌ನ ಮೇಲೂ ಬಜೆಟ್ ಸಾಲಿನ ಸಂಖ್ಯೆ ಬರೆದು ಫೋಟೊ ತೆಗೆದಿಡಿ. ಉಪಕರಣಗಳ ಸೀರಿಯಲ್ ನಂಬರನ್ನು ಗೋಪುರಕ್ಕೆ ಏರಿಸುವ ಮೊದಲೇ ಬರೆದುಕೊಳ್ಳಿ, ಅಂತಿಮ ವರದಿಗೆ ಅದು ಬೇಕಾದಾಗ ಯಾರೂ ಮತ್ತೆ ಗೋಪುರ ಹತ್ತಬೇಕಾಗುವುದಿಲ್ಲ.