ಕೊಡಗಿನ ಮಳೆಗಾಲಕ್ಕೆ ಒಂದು ಹಳೇ ಫೋನನ್ನು ಸಜ್ಜು ಮಾಡಿದ ಬಗೆ

ನಮ್ಮ ಮನೆ ನಾಪೋಕ್ಲು ಕಡೆ, ಕಾಫಿ ತೋಟದ ನಡುವೆ. ಜೂನ್‌ನಲ್ಲಿ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟ್. ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರುತ್ತದೆ. ಟವರ್‌ನ ಬ್ಯಾಟರಿ ಖಾಲಿಯಾದ ಮೇಲೆ ನೆಟ್‌ವರ್ಕೂ ಹೋಗುತ್ತದೆ. ಇಂಥ ಜಾಗದಲ್ಲಿ ಫೋನ್ ಚೆನ್ನಾಗಿದೆಯಾ ಇಲ್ವಾ ಅಂತ ನೋಡುವ ರೀತಿಯೇ ಬೇರೆ. ಕರೆಂಟ್ ಇಲ್ಲದೆ, ಸಿಗ್ನಲ್ ಇಲ್ಲದೆ ಅದು ಎಷ್ಟು ಹೊತ್ತು ಕೆಲಸಕ್ಕೆ ಬರುತ್ತದೆ ಅನ್ನುವುದೇ ನನಗೆ ದೊಡ್ಡ ಲೆಕ್ಕ. ಕಸ್ಟಮ್ ರಾಮ್ (ROM; ಕಂಪನಿ ಕೊಟ್ಟ ತಂತ್ರಾಂಶದ ಬದಲು ಬೇರೆಯವರು ಮಾಡಿದ ಆಂಡ್ರಾಯ್ಡ್) ಹಾಕುವುದು ಹುಡುಗರ ಶೋಕಿ ಅಂತ ಕೆಲವರು ಹೇಳುತ್ತಾರೆ. ನಾನು ಹಾಕಿದ್ದು ಮಳೆಗಾಲಕ್ಕಾಗಿ.

ಫೋನ್ ಪೋಕೊ ಎಫ್1. 2018ರ ಆಗಸ್ಟ್‌ನಲ್ಲಿ ಬಂದದ್ದು. ಸ್ನ್ಯಾಪ್‌ಡ್ರ್ಯಾಗನ್ 845, 4000 ಎಂಎಎಚ್ ಬ್ಯಾಟರಿ, ಪ್ಲಾಸ್ಟಿಕ್ ಬೆನ್ನು, ಇಯರ್‌ಫೋನ್ ತೂತೂ ಇದೆ. ಕಂಪನಿಯಿಂದ ಬಂದ ಕೊನೆಯ ಆಂಡ್ರಾಯ್ಡ್ 10. ಪ್ರೊಸೆಸರ್ ಇನ್ನೂ ಗಟ್ಟಿಮುಟ್ಟಾಗಿದೆ, ತಂತ್ರಾಂಶ ಮಾತ್ರ ಹಳತಾಗಿದೆ. ಇಂಥ ಫೋನ್‌ಗಳಿಗೇ ಲಿನಿಯೇಜ್ ಓಎಸ್ ಅನ್ನುವ ಕಸ್ಟಮ್ ರಾಮ್ ಇರುವುದು. 2016ರ ಕೊನೆಗೆ ಸಯನೋಜೆನ್‌ಮಾಡ್ ಅನ್ನುವ ಹಳೇ ರಾಮ್ ನಿಂತಾಗ ಅದರ ಜಾಗದಲ್ಲಿ ಹುಟ್ಟಿದ್ದು ಇದು. ಎಫ್1ಗೆ ಕಂಪನಿ ಅಪ್‌ಡೇಟ್ ನಿಂತ ಮೇಲೂ ಲಿನಿಯೇಜ್‌ನಲ್ಲಿ ಹೊಸ ಆಂಡ್ರಾಯ್ಡ್ ಸಿಕ್ಕಿದೆ.

ಈ ಕೆಲಸಕ್ಕೆ ಮೇ ತಿಂಗಳೇ ಸರಿ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಮೊದಲು ಓಡುವ, ಬೇರೆ ತಂತ್ರಾಂಶ ಬರದಂತೆ ಬೀಗ ಹಾಕಿರುವ ಭಾಗ) ತೆರೆಯಲು ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಡಗಿರುವ ಡೆವಲಪರ್ ಆಯ್ಕೆಗಳಿಗೆ ಹೋಗಿ ಫೋನನ್ನು ಪೋಕೊದ ಮೂಲ ಕಂಪನಿ ಶಿಯೋಮಿಯ ಖಾತೆಗೆ ಜೋಡಿಸಬೇಕು. ಸಿಮ್ ಒಳಗಿರಬೇಕು, ಮೊಬೈಲ್ ಡೇಟಾ ಆನ್ ಇರಬೇಕು. ಅದಾದ ಮೇಲೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅನ್‌ಲಾಕ್ ಸಾಧನ ಓಡಿಸಿದರೆ ಅದು ಕಾಯಲು ಹೇಳುತ್ತದೆ. ನನಗೆ ತೋರಿಸಿದ್ದು 168 ಗಂಟೆ, ಅಂದರೆ ಒಂದು ವಾರ. ಅನ್‌ಲಾಕ್ ಆದಾಗ ಫೋನಿನಲ್ಲಿದ್ದ ಫೋಟೋ, ಮೆಸೇಜ್ ಎಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಎಲ್ಲವನ್ನೂ ಮೊದಲೇ ಲ್ಯಾಪ್‌ಟಾಪ್‌ಗೆ ತೆಗೆದಿಟ್ಟೆ. ರಾಮ್ ಫೈಲ್ ಒಂದು ಜಿಬಿ ಹತ್ತಿರ ಇರುತ್ತದೆ. ನಮ್ಮಲ್ಲಿ ಅದನ್ನು ಇಳಿಸಲು ಕೂತರೆ ಆಗುವ ಕೆಲಸವಲ್ಲ. ಕುಶಾಲನಗರಕ್ಕೆ ಹೋದಾಗ ಭಾವನ ಮನೆಯಲ್ಲಿ ಇಳಿಸಿಕೊಂಡು, ಫೈಲ್ ಕೆಡದೆ ಇಳಿದಿದೆಯಾ ಅಂತ ಚೆಕ್‌ಸಮ್ ಸಂಖ್ಯೆ ತಾಳೆ ನೋಡಿ, ಪೆನ್‌ಡ್ರೈವ್‌ನಲ್ಲಿ ತಂದೆ.

ಫ್ಲ್ಯಾಶ್ ಮಾಡಿದ್ದು, ಅಂದರೆ ರಾಮನ್ನು ಫೋನಿಗೆ ಹಾಕಿದ್ದು, ಬೆಳಿಗ್ಗೆ ಹೊತ್ತು. ಮೇನಲ್ಲಿ ಸಂಜೆಯಾದರೆ ನಮ್ಮಲ್ಲಿ ಗುಡುಗು ಸಿಡಿಲು. ಆಗ ಪ್ಲಗ್‌ಗೆ ಹಾಕಿದ ಏನನ್ನೂ ಮುಟ್ಟಬಾರದು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ. ಯುಎಸ್‌ಬಿ 3ರ ನೀಲಿ ಪೋರ್ಟ್‌ನಲ್ಲಿ ಫಾಸ್ಟ್‌ಬೂಟ್ (ಕಂಪ್ಯೂಟರ್‌ನಿಂದ ಫೋನಿಗೆ ತಂತ್ರಾಂಶ ಹಾಕುವ ಸಾಧನ) ಕೆಲವೊಮ್ಮೆ ಫೋನನ್ನು ಗುರುತಿಸುವುದಿಲ್ಲ, ಯುಎಸ್‌ಬಿ 2 ಪೋರ್ಟ್ ಇದ್ದರೆ ಅದಕ್ಕೇ ಹಾಕಿ. ಮೊದಲು ಲಿನಿಯೇಜ್‌ನ ರಿಕವರಿ (ರಾಮ್ ಹಾಕಲು ಬಳಸುವ ಸಣ್ಣ ತಂತ್ರಾಂಶ), ಆಮೇಲೆ ಡೇಟಾ ಫಾರ್ಮ್ಯಾಟ್, ಆಮೇಲೆ ಎಡಿಬಿ ಸೈಡ್‌ಲೋಡ್ ಮಾಡಿ, ಅಂದರೆ ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಕಳಿಸಿ, ರಾಮ್. ಪ್ಲೇ ಸ್ಟೋರ್ ಬೇಕಿದ್ದರೆ ಗೂಗಲ್ ಆ್ಯಪ್‌ಗಳ ಕಟ್ಟನ್ನು ಮೊದಲ ಸಲ ಆನ್ ಮಾಡುವ ಮುಂಚೆಯೇ ಹಾಕಬೇಕು. ಈ ಹಂತಗಳೆಲ್ಲ ಲಿನಿಯೇಜ್ ವಿಕಿಯಲ್ಲಿ ಆಯಾ ಫೋನಿನ ಪುಟದಲ್ಲಿವೆ. ಅದನ್ನು ನಿಧಾನವಾಗಿ ಓದಿದರೆ ಸಾಕು, ವಿಡಿಯೋ ನೋಡಿಕೊಂಡು ಮಾಡುವುದು ಬೇಡ.

ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದಲೇ.

ನಮ್ಮ ಕಡೆ ಬ್ಯಾಟರಿ ತಿನ್ನುವುದರಲ್ಲಿ ಪರದೆಗಿಂತ ಸಿಗ್ನಲ್ ಮುಂದು. ಸಿಗ್ನಲ್ ಕಡಿಮೆಯಾದಷ್ಟೂ ಫೋನ್ ಟವರ್‌ಗೆ ಕೇಳಿಸಲಿ ಅಂತ ಜಾಸ್ತಿ ಶಕ್ತಿ ಹಾಕಿ ಕೂಗುತ್ತದೆ. ಟವರೇ ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ಜೇಬಲ್ಲಿ ಸುಮ್ನೆ ಇಟ್ಟ ಫೋನ್ ಸಂಜೆಗೆ ಬಿಸಿಯಾಗಿ ಖಾಲಿಯಾಗುವುದು ಇದಕ್ಕೇ. ನೆಟ್‌ಮಾನ್‌ಸ್ಟರ್ ಅನ್ನುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಸಿಗ್ನಲ್ ಯಾವ ಬ್ಯಾಂಡ್‌ನದು (ಯಾವ ತರಂಗಾಂತರದ್ದು), ಅದರ ಬಲ ಎಷ್ಟು ಡಿಬಿಎಂ ಅಂತ ಅದು ತೋರಿಸುತ್ತದೆ. ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಅಡುಗೆಮನೆಯಲ್ಲಿ ಮೈನಸ್ 118. ಅಟ್ಟದ ಪೂರ್ವದ ಕಿಟಕಿ ಹತ್ತಿರ ಮೈನಸ್ 101. ನೋಡಲು ಸಣ್ಣ ವ್ಯತ್ಯಾಸ ಅಲ್ವಾ? ಆದರೆ 10 ಡಿಬಿ ಅಂದರೆ ಸಿಗ್ನಲ್ ಶಕ್ತಿ ಹತ್ತು ಪಟ್ಟು. 17 ಡಿಬಿ ಅಂದರೆ ಸುಮಾರು 50 ಪಟ್ಟು. ಒಂದೇ ಮನೆಯೊಳಗೆ!

ಬ್ಯಾಂಡ್ ಸಂಖ್ಯೆಯನ್ನೂ ನೋಡಬೇಕು. ಬ್ಯಾಂಡ್ 40 ಅಂದರೆ 2300 ಮೆಗಾಹರ್ಟ್ಸ್. ಅದರಲ್ಲಿ ವೇಗ ಜಾಸ್ತಿ. ಆದರೆ ಮರ, ಗೋಡೆ, ಗುಡ್ಡ ದಾಟಿ ಬರುವ ತಾಕತ್ತು ಕಡಿಮೆ. ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಸ್. ಅದು ನಿಧಾನ, ಆದರೆ ತೋಟದೊಳಗೂ ತಲುಪುತ್ತದೆ. ಹಳೇ ಫೋನ್ ಕೊಳ್ಳುವ ಮೊದಲು ನಿಮ್ಮ ಸಿಮ್ ನಿಮ್ಮೂರಲ್ಲಿ ಯಾವ ಬ್ಯಾಂಡ್‌ನಲ್ಲಿ ಸಿಗುತ್ತದೆ, ಆ ಬ್ಯಾಂಡ್ ಫೋನಿನಲ್ಲಿ ಇದೆಯಾ ನೋಡಿ. ಬಿಎಸ್‌ಎನ್‌ಎಲ್ 4ಜಿ ಬಳಸುವ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಎಫ್1ನಲ್ಲಿ ಇಲ್ಲ. ಇನ್ನೊಂದು ವಿಷಯ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ. ನೀವು ಹಾಕಿದ ರಾಮ್‌ನಲ್ಲಿ ವೋಲ್ಟಿ (4ಜಿ ಮೇಲೆಯೇ ಕರೆ ಮಾಡುವ ವ್ಯವಸ್ಥೆ) ಕೆಲಸ ಮಾಡದಿದ್ದರೆ ಆ ಸಿಮ್‌ನಲ್ಲಿ ಮಾಮೂಲಿ ಕರೆಯೇ ಹೋಗುವುದಿಲ್ಲ. ರಾಮ್ ಆರಿಸುವಾಗ ಮೊದಲು ಇದನ್ನೇ ವಿಚಾರಿಸಿ.

*#*#4636#*#* ಒತ್ತಿದರೆ ಬರುವ ಪುಟದಲ್ಲಿ ನೆಟ್‌ವರ್ಕ್ ಬಗೆಯನ್ನು ಎಲ್‌ಟಿಇ, ಅಂದರೆ 4ಜಿ, ಒಂದಕ್ಕೇ ನಿಲ್ಲಿಸಿದೆ. ಈಗ ಫೋನ್ ಬೇರೆ ಬೇರೆ ತಲೆಮಾರಿನ ನೆಟ್‌ವರ್ಕ್ ನಡುವೆ ಓಡಾಡುವುದಿಲ್ಲ. ವೋಲ್ಟಿ ಇದ್ದರೆ ಮಾತ್ರ ಹೀಗೆ ಮಾಡಿ. ಟವರ್ ಪೂರ್ತಿ ಹೋದ ದಿನ ಏರೋಪ್ಲೇನ್ ಮೋಡ್ ಹಾಕಿ, ಗಂಟೆಗೊಮ್ಮೆ ತೆಗೆದು ನೋಡುತ್ತೇವೆ. ಮನೆಯವರೆಲ್ಲ ಇದನ್ನು ರೂಢಿ ಮಾಡಿಕೊಂಡಿದ್ದಾರೆ.

ಪರದೆಯ ಬಗ್ಗೆ ಒಂದು ಮಾತು. ಡಾರ್ಕ್ ಥೀಮ್ ಹಾಕಿದರೆ ಬ್ಯಾಟರಿ ಉಳಿಯುತ್ತದೆ ಅನ್ನುವುದು ಅಮೊಲೆಡ್ ಪರದೆಗೆ ನಿಜ, ಅದರಲ್ಲಿ ಕಪ್ಪು ಜಾಗ ಉರಿಯುವುದೇ ಇಲ್ಲ. ಎಫ್1ನದು ಐಪಿಎಸ್ ಎಲ್‌ಸಿಡಿ. ಕಪ್ಪು ಬಣ್ಣ ತೋರಿಸುವಾಗಲೂ ಹಿಂದೆ ಲೈಟ್ ಉರಿಯುತ್ತಲೇ ಇರುತ್ತದೆ. ಇಲ್ಲಿ ಉಳಿತಾಯ ಆಗುವುದು ಬ್ರೈಟ್‌ನೆಸ್ ಇಳಿಸಿದರೆ ಮಾತ್ರ. ಬ್ಯಾಟರಿಯನ್ನೂ ಬದಲಾಯಿಸಿದೆ. ಈ ಫೋನಿನ ಬ್ಯಾಟರಿ ಸಂಖ್ಯೆ ಬಿಎಂ4ಇ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಬ್ಯಾಟರಿ ಹೊಸದಾಗಿದ್ದರೂ ಸೊರಗಿರುತ್ತದೆ. ಅದಕ್ಕೆ ತಯಾರಾದ ದಿನಾಂಕ ನೋಡಿಯೇ ತಗೊಂಡೆ.

ಪವರ್ ಬ್ಯಾಂಕ್ ಲೆಕ್ಕವೂ ತಿಳಿದಿರಲಿ. ಡಬ್ಬದ ಮೇಲಿನ 20000 ಎಂಎಎಚ್ ಒಳಗಿನ 3.7 ವೋಲ್ಟ್ ಸೆಲ್‌ನ ಅಳತೆ. ಅದು 5 ವೋಲ್ಟ್‌ಗೆ ಏರಿ, ದಾರಿಯಲ್ಲಿ ಬಿಸಿಯಾಗಿ ಒಂದಷ್ಟು ಹೋಗಿ, ಈ ಫೋನನ್ನು ಮೂರು ಸಲ ಚಿಲ್ಲರೆ ತುಂಬುತ್ತದೆ, ಐದು ಸಲ ಅಲ್ಲ. ಸೋಲಾರ್ ಚಾರ್ಜರ್‌ಗೆ ದುಡ್ಡು ಹಾಕಬೇಡಿ. ಜುಲೈನಲ್ಲಿ ಇಲ್ಲಿ ಬಿಸಿಲು ಎಲ್ಲಿದೆ? ಅದಕ್ಕಿಂತ ಜೀಪಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಒಳ್ಳೆ ಚಾರ್ಜರ್ ಎಷ್ಟೋ ಮೇಲು.

2018ರ ಆಗಸ್ಟ್ ಅಂದೆನಲ್ಲ, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ತಿಂಗಳದು. ಯಾವ ರಸ್ತೆ ಉಳಿದಿದೆ, ಯಾವುದು ಹೋಗಿದೆ ಅಂತ ತಿಳಿಯುವುದೇ ಕಷ್ಟವಾಗಿತ್ತು. ಆ ನೆನಪಿಗೆ ನಾನು ಆಫ್‌ಲೈನ್ ನಕ್ಷೆ ಇಲ್ಲದೆ ಮಳೆಗಾಲಕ್ಕೆ ಕಾಲಿಡುವುದಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ ಕರ್ನಾಟಕವನ್ನೂ ಪಕ್ಕದ ಕೇರಳವನ್ನೂ ಇಳಿಸಿಟ್ಟಿದ್ದೇನೆ. ನಕ್ಷೆ ಬರುವುದು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದರಲ್ಲಿ ನಮ್ಮ ತೋಟದ ದಾರಿ, ಹೊಳೆ ದಾಟುವ ಕಾಲುಸಂಕ ಯಾವುದೂ ಇರಲಿಲ್ಲ. ಬೇಸಿಗೆಯಲ್ಲಿ ನಡೆದು, ಜಾಡು ಉಳಿಸಿ, ನಾನೇ ಸೇರಿಸಿದೆ. ನೀವೂ ನಿಮ್ಮೂರಿನದು ಸೇರಿಸಿ. ಯಾರಾದರೂ ಹುಡುಕಿಕೊಂಡು ಬರಬೇಕಾದ ದಿನ ಅದು ಬೇಕಾಗುತ್ತದೆ.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಆದರೆ ನೆಟ್‌ವರ್ಕ್ ಇದ್ದಾಗ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಇಂಟರ್‌ನೆಟ್‌ನಿಂದ ತಟ್ಟನೆ ಸಿಗುತ್ತದೆ. ಇಲ್ಲದಾಗ ಅದು ಉಪಗ್ರಹದಿಂದಲೇ ನಿಧಾನವಾಗಿ ಬರಬೇಕು. ಒಂದೊಂದು ಉಪಗ್ರಹವೂ ಅದನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತಿರುತ್ತದೆ, ನಡುವೆ ಸಿಗ್ನಲ್ ತುಂಡಾದರೆ ಮತ್ತೆ ಮೊದಲಿನಿಂದ. ಸಿಲ್ವರ್ ಓಕ್ ಕೆಳಗೆ ನಿಂತರೆ ತುಂಡಾಗುತ್ತಲೇ ಇರುತ್ತದೆ. ಅದಕ್ಕೆ ಕಾಫಿ ಕಣದಲ್ಲಿ, ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು, ಜಾಗ ಹಿಡಿದ ಮೇಲೆ ತೋಟಕ್ಕೆ ಇಳಿಯುತ್ತೇನೆ.

ಮನೆಯವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಸೆಟ್ಟಿಂಗ್. ಲಿನಿಯೇಜ್‌ನ ಬಟನ್‌ಗಳ ಪುಟದಲ್ಲಿ, ಪರದೆ ಆರಿರುವಾಗ ಪವರ್ ಬಟನ್ ಅದುಮಿ ಹಿಡಿದರೆ ಟಾರ್ಚ್ ಹತ್ತುವ ಆಯ್ಕೆ ಇದೆ. ಒದ್ದೆ ಬೆರಳನ್ನು ಫಿಂಗರ್‌ಪ್ರಿಂಟ್ ಓದುವುದಿಲ್ಲ, ನೀರು ಬಿದ್ದ ಪರದೆಯೂ ಮಾತು ಕೇಳುವುದಿಲ್ಲ. ಬಟನ್‌ಗೆ ಅದೇನೂ ತೊಂದರೆಯಿಲ್ಲ. ರಾತ್ರಿ ನಾಯಿ ಬೊಗಳಿದಾಗ ಅವ್ವ ಹೊರಗೆ ಹೋಗಿ ಹತ್ತಿಸಿ ನೋಡಿ, “ಕೊಡೆ ಹಿಡ್ಕೊಂಡೇ ಹತ್ತಿಸ್ಬಹುದು, ಇದು ಒಳ್ಳೇದಾಯ್ತು” ಅಂದರು.

ಅಪ್ಪನಿಗೆ ಮಳೆ ಲೆಕ್ಕ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಎಫ್-ಡ್ರಾಯ್ಡ್ ಅನ್ನುವ ಉಚಿತ ಆ್ಯಪ್ ಅಂಗಡಿಯಲ್ಲಿ ಸಿಗುವ, ದಿನದ ಅಭ್ಯಾಸ ಬರೆದಿಡುವ ಲೂಪ್ ಹ್ಯಾಬಿಟ್ ಟ್ರ್ಯಾಕರ್‌ನಲ್ಲಿ ಸಂಖ್ಯೆ ಬರೆಯುವ ಬಗೆಯ ಅಭ್ಯಾಸ ಅಂತ ಒಂದಿದೆ. ಅದಕ್ಕೆ ‘ಮಳೆ’ ಅಂತ ಹೆಸರಿಟ್ಟು, ಘಟಕ ‘ಇಂಚು’ ಅಂತ ಬರೆದು, ಹೋಮ್ ಸ್ಕ್ರೀನ್‌ಗೆ ವಿಜೆಟ್ ತಂದೆ. ಇಂಟರ್‌ನೆಟ್ ಬೇಕಿಲ್ಲ, ಜಾಹೀರಾತಿಲ್ಲ. ತಿಂಗಳ ಮೊತ್ತವನ್ನು ಅದೇ ಕೂಡಿಸಿ ಗ್ರಾಫ್ ತೋರಿಸುತ್ತದೆ. ಡೈರಿಯನ್ನು ಅಪ್ಪ ಬಿಟ್ಟಿಲ್ಲ, ಬಿಡುವುದೂ ಬೇಡ.

ತೇವದ ವಿಷಯಕ್ಕೆ ಬಂದರೆ, ಚಾರ್ಜಿಂಗ್ ಪೋರ್ಟ್‌ಗೆ ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಮುಚ್ಚಳ ಹಾಕಿದ್ದೇನೆ. ಒದ್ದೆ ಪೋರ್ಟ್‌ಗೆ ಕೇಬಲ್ ಚುಚ್ಚಿದರೆ ಕರೆಂಟ್ ಹರಿದು ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆ ಹತ್ತಿರ ಫೋನ್ ಇಡಬೇಡಿ, ಬಿಸಿಗೆ ಬ್ಯಾಟರಿ ಉಬ್ಬುತ್ತದೆ. ಅಕ್ಕಿ ಡಬ್ಬಕ್ಕೂ ಹಾಕಬೇಡಿ, ಅಕ್ಕಿ ಹುಡಿ ಪೋರ್ಟ್ ಒಳಗೆ ಹೋಗಿ ಕೂರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚುವ ಡಬ್ಬ ಸಾಕು.

ಹಣದ ವಿಷಯ ಮೊದಲೇ ತಿಳಿದುಕೊಂಡು ಕೈ ಹಾಕಿ. ಬೂಟ್‌ಲೋಡರ್ ತೆರೆದ ಫೋನ್ ಫೋನಿನ ತಂತ್ರಾಂಶ ನಂಬಬಹುದಾದದ್ದಾ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುವುದಿಲ್ಲ. ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆಯುವುದೇ ಇಲ್ಲ. ಅದನ್ನು ಮರೆಮಾಚುವ ದಾರಿಗಳಿವೆ, ಆದರೆ ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ಯುಪಿಐ ಇನ್ನೊಂದು ಫೋನಿನಲ್ಲಿರಲಿ, ಅದರ ಬೂಟ್‌ಲೋಡರ್ ಮುಟ್ಟಬೇಡಿ. ಇದಕ್ಕೇ ಅಂತ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವುದಾದರೆ ಅದು ಲಿನಿಯೇಜ್ ಪಟ್ಟಿಯಲ್ಲಿ ಇದೆಯಾ ನೋಡಿ, ಹಳೇ ಮಾಲೀಕರ ಖಾತೆಯನ್ನು ನಿಮ್ಮ ಕಣ್ಣೆದುರೇ ತೆಗೆಸಿ, ಆಮೇಲೆ ದುಡ್ಡು ಕೊಡಿ.