‘ಸ್ವಲ್ಪ ನೀರು’ ಎಂಬ ಸಂಕೇತ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗಳು ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾರೆ. ಇಂಜೆಕ್ಷನ್‌ನಿಂದ ಕಣ್ಣು ಮರಗಟ್ಟಿದರೂ ಕಿವಿ ಚುರುಕಾಗಿರುತ್ತದೆ; ಹಸಿರು ಬಟ್ಟೆಯ ಕೆಳಗೆ ಮಲಗಿ ನಮ್ಮ ಮಾತೆಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ.

ಸ್ನಾತಕೋತ್ತರ ವಿದ್ಯಾರ್ಥಿಯಾಗಿ ನಾನು ಮಾಡಿದ ಒಂಬತ್ತನೆಯ ಕಣ್ಣು ಇನ್ನೂ ಕಾಡುತ್ತದೆ. ಮಸೂರವನ್ನು ಸುತ್ತಿರುವ ತೆಳು ಚೀಲದ, ಅಂದರೆ ಕೋಶದ, ಮುಂಭಾಗವನ್ನು ಐದಾರು ಮಿಲಿಮೀಟರ್ ಅಗಲಕ್ಕೆ ದುಂಡಗೆ ಹರಿದು ತೆಗೆಯಬೇಕು. ಇದಕ್ಕೆ ರೆಕ್ಸಿಸ್ ಎನ್ನುತ್ತೇವೆ. ಹರಿದ ಅಂಚು ಹೊರಕ್ಕೆ ಓಡಿತು. ಅಲ್ಲಿಗೇ ನಿಲ್ಲಿಸಿ ಸರ್ ಅವರನ್ನು ಕರೆಯಬೇಕಿತ್ತು. ಅವರು ಪಕ್ಕದ ಟೇಬಲ್‌ನಲ್ಲಿದ್ದರು, ನನಗೆ ನಾಚಿಕೆ, ಇನ್ನೊಮ್ಮೆ ಎಳೆದೆ. ಮಸೂರದ ಗಟ್ಟಿ ತಿರುಳನ್ನು ಹೊರತೆಗೆಯುವಾಗ ಹರಕು ಕೋಶದ ಹಿಂಭಾಗವನ್ನೂ ಸೀಳಿತು. ಕೆಲವೇ ಮೈಕ್ರಾನ್ ದಪ್ಪದ ಪದರ ಅದು. ಹಿಂದಿದ್ದ ಲೋಳೆಯಂಥ ವಿಟ್ರಿಯಸ್ ಮುಂದಕ್ಕೆ ಬಂತು. ‘ಆಯಿತೇನಪ್ಪಾ?’ ಎಂದು ಅಜ್ಜಿ ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಸರ್ ಬಂದು ವಿಟ್ರಿಯಸ್ ಕತ್ತರಿಸಿ ತೆಗೆದು, ಉಳಿದಿದ್ದ ಕೋಶದ ಮೇಲೆ ಕೃತಕ ಲೆನ್ಸ್ ಕೂರಿಸಿದರು. ದೃಷ್ಟಿ ಬಂತು, ಆದರೆ ತಡವಾಗಿ. ಅಷ್ಟರಲ್ಲಿ ಅಜ್ಜಿ ಎರಡು ಬಸ್ಸು ಬದಲಿಸಿಕೊಂಡು ನಾಲ್ಕು ಸಲ ಹೆಚ್ಚಿಗೆ ಬಂದು ಹೋಗಿದ್ದರು.

ಈಗ ಕಲಿಸುವವನು ನಾನು. ಮೊದಲು ಮೇಕೆಯ ಕಣ್ಣು. ಹೊಲಿಗೆ ಕಲಿಯಲು ಅದು ಚೆನ್ನ. ರೆಕ್ಸಿಸ್ ವಿಷಯದಲ್ಲಿ ಮಾತ್ರ ಮೋಸ ಮಾಡುತ್ತದೆ, ಅದರ ಕೋಶ ರಬ್ಬರಿನಂತೆ ಹಿಗ್ಗುತ್ತದೆ. ಥಿಯೇಟರ್‌ನಲ್ಲಿ ಪಾಠ ಕೊನೆಯಿಂದ ಶುರು: ಮೊದಲು ಲೆನ್ಸ್ ಕೂರಿಸುವುದು, ಆಮೇಲೆ ಉಳಿದ ಪೊರೆ ತೊಳೆಯುವುದು, ರೆಕ್ಸಿಸ್ ಬಹಳ ದಿನಗಳ ನಂತರ. ಒಂದು ಕಣ್ಣಿನಲ್ಲಿ ವಿದ್ಯಾರ್ಥಿಗಳಿಗೆ ಒಂದೇ ಹಂತ, ಉಳಿದದ್ದು ನನ್ನದು. ಒಂದೇ ಕಣ್ಣು ಉಳಿದಿರುವವರು, ಪಾಪೆ ಸರಿಯಾಗಿ ಅರಳದವರು, ಕೆಮ್ಮುವವರು ಕಲಿಯುವವರ ಪಟ್ಟಿಗೆ ಬರುವುದೇ ಇಲ್ಲ.

ರೋಗಿಗಳ ಒಪ್ಪಿಗೆ ಕೇಳುವಾಗ, ಒಂದು ಹಂತವನ್ನು ವಿದ್ಯಾರ್ಥಿ ಮಾಡುತ್ತಾರೆ ಎಂಬುದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಎದ್ದು ಹೋಗಿಬಿಡುತ್ತಾರೆಂದು ಹೆದರಿದ್ದೆ. ಹೆಚ್ಚಿನವರು ಕೇಳುವುದು ಇಷ್ಟೇ: ‘ನೀವು ಪಕ್ಕದಲ್ಲಿ ಇರುತ್ತೀರಲ್ಲವೇ?’ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, ‘ಅವರು ಬೇರೆಯವರ ಕಣ್ಣಿನಲ್ಲಿ ಕಲಿಯಲಿ’ ಎಂದರು. ನಾನೇ ಮಾಡಿದೆ.

ತೊಂದರೆ ಬಂದಾಗ ‘ಅಯ್ಯೋ’ ಎನ್ನುವಂತಿಲ್ಲ. ನಮ್ಮ ಸಂಕೇತ ‘ಸ್ವಲ್ಪ ನೀರು’. ಯಾರೇ ಹೇಳಿದರೂ ಕೈ ಇದ್ದಲ್ಲೇ ನಿಲ್ಲಬೇಕು. ಗಾಬರಿಯಲ್ಲಿ ಉಪಕರಣವನ್ನು ಸರಕ್ಕನೆ ಹೊರಗೆಳೆಯುವುದೇ ದೊಡ್ಡ ತಪ್ಪು. ಕಣ್ಣಿನೊಳಗಿನ ಒತ್ತಡ ಕುಸಿದು ವಿಟ್ರಿಯಸ್ ನುಗ್ಗುತ್ತದೆ. ಪಕ್ಕದ ರಂಧ್ರದಿಂದ ಜೆಲ್ ತುಂಬಿ, ಆಮೇಲೆ ನಿಧಾನವಾಗಿ ಹೊರತೆಗೆಯಬೇಕು.

ಕಳೆದ ವಾರ ಒಬ್ಬ ವಿದ್ಯಾರ್ಥಿನಿಯ ಮೂರನೆಯ ರೆಕ್ಸಿಸ್. ಅಂಚು ಹೊರಳಲು ಶುರುವಾಗಿದ್ದನ್ನು ನಾನು ಗಮನಿಸುವಷ್ಟರಲ್ಲಿ ಅವಳೇ, ‘ಸರ್, ಸ್ವಲ್ಪ ನೀರು’ ಎಂದಳು. ಕುರ್ಚಿ ಬದಲಾಯಿಸಿಕೊಂಡೆವು. ಬಟ್ಟೆಯ ಕೆಳಗಿನಿಂದ ಅಜ್ಜ, ‘ನನಗೂ ಎರಡು ಗುಟುಕು ಕೊಡಿಸಿ’ ಎಂದರು.