ಸಕ್ಕರೆ ಷೇರು: ಮೊದಲು ಫಲಿತಾಂಶ ಓದಿ, ಆಮೇಲೆ ಕಾರ್ಖಾನೆ ಗೇಟಿಗೆ ಹೋಗಿ

ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಸಕ್ಕರೆ ಕಂಪನಿಗಳ ಬಗ್ಗೆ ಒಳಸುದ್ದಿಗೆ ಬರವಿಲ್ಲ. ಫಲಿತಾಂಶದ ದಿನ ಹತ್ತಿರವಾದಂತೆ ಅದಕ್ಕೆ ಬೇಡಿಕೆಯೂ ಏರುತ್ತದೆ. ಆದರೆ ಪ್ರಕಟವಾದ ಲೆಕ್ಕದಲ್ಲೇ ಸಿಗುವ ಉತ್ತರಕ್ಕೆ ದುಡ್ಡು, ಪೆಟ್ರೋಲು ಸುಡಬಾರದು. ಲೆಕ್ಕ ಹೇಳದೆ ಬಿಟ್ಟದ್ದಕ್ಕೆ ಮಾತ್ರ ಓಡಾಡಬೇಕು.

ತ್ರೈಮಾಸಿಕ ಫಲಿತಾಂಶ ಅವಧಿ ಮುಗಿದ 45 ದಿನದೊಳಗೆ, ವಾರ್ಷಿಕ ಫಲಿತಾಂಶ 60 ದಿನದೊಳಗೆ ಬರಬೇಕು. ಪೂರ್ಣ ಆಸ್ತಿ-ಹೊಣೆ ಪಟ್ಟಿ ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ಜೊತೆ ಮಾತ್ರ ಕಡ್ಡಾಯ. ಹಾಗಾಗಿ ಕಬ್ಬು ನುರಿಸುವ ಹಂಗಾಮಿನ ನಟ್ಟನಡುವಿನ ಡಿಸೆಂಬರ್ ಫಲಿತಾಂಶದಲ್ಲಿ ಗೋದಾಮಿನ ಸಕ್ಕರೆ ಎಷ್ಟೆಂದು ನೇರವಾಗಿ ಕಾಣುವುದಿಲ್ಲ.

ಅದನ್ನು ಮನೆಯಲ್ಲೇ ಕೂತು ಅಂದಾಜು ಮಾಡಬಹುದು. ವಾರ್ಷಿಕ ವರದಿಯ ಟಿಪ್ಪಣಿಯಿಂದ ಮಾರ್ಚ್ 31ರ ಸಿದ್ಧ ಸರಕಿನ ದಾಸ್ತಾನು ಬರೆದುಕೊಳ್ಳಿ. 400 ಕೋಟಿ ರೂಪಾಯಿ ಎನ್ನೋಣ. ಪ್ರತಿ ಫಲಿತಾಂಶದ ಖರ್ಚಿನ ಭಾಗದಲ್ಲಿ ‘ದಾಸ್ತಾನಿನ ಬದಲಾವಣೆ’ ಸಾಲು ಇರುತ್ತದೆ. ಜೂನ್‌ನಲ್ಲಿ 150, ಸೆಪ್ಟೆಂಬರ್‌ನಲ್ಲಿ 170, ಡಿಸೆಂಬರ್‌ನಲ್ಲಿ ಆವರಣ ಚಿಹ್ನೆಯೊಳಗೆ (220) ಇದ್ದರೆ, ಮೊದಲ ಎರಡನ್ನು ಕಳೆದು ಕೊನೆಯದನ್ನು ಕೂಡಿಸಿ: 300 ಕೋಟಿ. ಆವರಣದ ಅಂಕಿ ಎಂದರೆ ದಾಸ್ತಾನು ಏರಿದೆ ಎಂದರ್ಥ. ಬಹಳ ಜನ ಇದನ್ನೇ ತಿರುಗಿಸಿ ಓದುತ್ತಾರೆ. ಕಿಲೋಗೆ 36 ರೂಪಾಯಿ ಹಿಡಿದರೆ ಸುಮಾರು 83 ಸಾವಿರ ಟನ್. ಇದರಲ್ಲಿ ಎಥೆನಾಲ್, ಕಾಕಂಬಿಯೂ ಸೇರಿರುತ್ತವೆ, ಸ್ವಲ್ಪ ಕಡಿಮೆಯೇ ಹಿಡಿಯಿರಿ.

ಇನ್ನು ಗೇಟಿನ ಕೆಲಸ. ಕಬ್ಬಿನ ಬಾಕಿ ಡಿಸೆಂಬರ್ ಲೆಕ್ಕದಲ್ಲಿ ಬೇರೆಯಾಗಿ ಕಾಣುವುದಿಲ್ಲ. ಪಾಳಿಗೆ ನಿಂತ ರೈತರನ್ನು ಕೇಳಿ: ಹಿಂದಿನ ಬಿಲ್ ಯಾವ ತಾರೀಖಿಗೆ ಜಮಾ ಆಯಿತು? ಕಾಯ್ದೆ ಪ್ರಕಾರ 14 ದಿನ. ದಾಟಿದರೆ ವರ್ಷಕ್ಕೆ ಶೇ 15 ಬಡ್ಡಿ. ಒಬ್ಬರ ಮಾತಿನ ಮೇಲೆ ನಿಲ್ಲಬೇಡಿ, ಬೇರೆ ಬೇರೆ ಊರಿನವರನ್ನು ಮಾತಾಡಿಸಿ.

ರಿಕವರಿಯ, ಅಂದರೆ ನುರಿಸಿದ ಕಬ್ಬಿನಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಕ್ಕಿತು ಎಂಬುದರ, ಸುದ್ದಿ ಬೆಲೆಯುಳ್ಳದ್ದು. 10 ಲಕ್ಷ ಟನ್ ಕಬ್ಬು ನುರಿಸುವಲ್ಲಿ ಶೇ 0.5 ವ್ಯತ್ಯಾಸವಾದರೆ 5,000 ಟನ್ ಸಕ್ಕರೆ, ಅದೇ ದರದಲ್ಲಿ 18 ಕೋಟಿ. ಎಡವುವುದೂ ಇಲ್ಲೇ. ಇನ್ನೂ ಸಕ್ಕರೆ ತೆಗೆಯಬಹುದಾದ ಬಿ-ಹೆವಿ ಕಾಕಂಬಿಯನ್ನು ಎಥೆನಾಲ್‌ಗೆ ತಿರುಗಿಸಿದರೆ ಸಕ್ಕರೆ ರಿಕವರಿ ಇಳಿದೇ ಇಳಿಯುತ್ತದೆ, ಅದು ನಷ್ಟವಲ್ಲ. ಡಿಸ್ಟಿಲರಿ ವಿಭಾಗದ ಆದಾಯವನ್ನು ಪಕ್ಕದಲ್ಲಿಟ್ಟು ನೋಡದೆ “ರಿಕವರಿ ಬಿದ್ದೈತಿ” ಎಂಬ ಮಾತಿಗೆ ಷೇರು ಮಾರಬೇಡಿ. ಇಂಥ ಕಡೆ ಪ್ರಕಟವಾದ ಲೆಕ್ಕ ಓಡಾಟವನ್ನು ತಪ್ಪಿಸುವುದಿಲ್ಲ, ಓಡಾಡಿ ತಂದ ಸುದ್ದಿಗೆ ಅರ್ಥ ಕೊಡುತ್ತದೆ.

ಗೇಟಿನ ಹೊರಗೆ ಯಾರಿಗೂ ಕಾಣುವುದನ್ನು ಎಣಿಸುವುದು, ರೈತರನ್ನು ಕೇಳುವುದು ತಪ್ಪಲ್ಲ. ಲೆಕ್ಕ ವಿಭಾಗದ ಪರಿಚಯದವರಿಂದ ಬರಲಿರುವ ಲಾಭದ ಅಂಕಿ ತಿಳಿದು ಷೇರು ಕೊಂಡರೆ ಅದು ಒಳವ್ಯವಹಾರ. ಷೇರುಪೇಟೆ ನಿಯಂತ್ರಕ ಸೆಬಿ ಹಾಕುವ ದಂಡ ಕನಿಷ್ಠ 10 ಲಕ್ಷ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು.